ಮೂರನೆಯ ವರ್ಷದ ಕೆಲಸ

"ಗುರುಗಳೇ, ತನ್ನವರು ಎಂಬ ಕಾರಣಕ್ಕೆ ಒಂದು ತುತ್ತನ್ನೂ ಹೆಚ್ಚು ಬಡಿಸದವನನ್ನು ನಿಷ್ಪಕ್ಷಪಾತಿ ಎನ್ನಬಹುದಲ್ಲವೇ?" ಎಂದು ಮರುಳಯ್ಯ ಕೇಳಿದ.

ಅವನು ಮಠದ ಊಟದ ಮನೆಯನ್ನು ನೋಡಿಕೊಳ್ಳುವ ಶಿಷ್ಯ. ಆ ದಿನ ಅವನ ಹುಟ್ಟೂರಿನ ಜನ ಬಂದಿದ್ದರು. ಎರಡು ದಿನ ನಡೆದು ಬಂದವರು, ಜೊತೆಗೆ ಎಳೆಯ ಮಕ್ಕಳು. ಎಲ್ಲರಿಗಿಂತ ಮೊದಲು ಬಂದವರೂ ಅವರೇ. ಆದರೂ ಮರುಳಯ್ಯ ಅವರನ್ನು ಕಡೆಯ ಪಂಕ್ತಿಗೆ ಕೂರಿಸಿದ್ದ. ಪ್ರಶ್ನೆ ಕೇಳುವಾಗ ಅವನ ಮುಖ ಅರಳಿತ್ತು.

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಭಲೇ! ಬೆನ್ನು ತಟ್ಟಬೇಕೇನೋ? ಅದನ್ನು ಆಮೇಲೆ ನೋಡೋಣ, ಮೊದಲು ಕೂತುಕೋ" ಎಂದು ಒಂದು ಕತೆ ಹೇಳತೊಡಗಿದರು.

ಒಂದು ಪಟ್ಟಣವಿತ್ತು. ಅದನ್ನು ನಡೆಸಲು ಒಂಬತ್ತು ಜನರ ಸಭೆ, ಸಭೆಗೆ ಹಿರಿಯನಾಗಿ ಒಬ್ಬ ಬಟ್ಟೆ ವ್ಯಾಪಾರಿ. ಅವನ ನ್ಯಾಯವೆಂದರೆ ನ್ಯಾಯ. ತಪ್ಪು ಮಾಡಿದ ಸ್ವಂತ ತಮ್ಮನಿಗೇ ದಂಡ ಹಾಕಿದ ಆಸಾಮಿ. "ನಮ್ಮ ಹಿರಿಯರು ತಮ್ಮವರಿಗೆ ಅಂತ ಒಂದೆಳೆ ನೂಲನ್ನೂ ಬಿಟ್ಟುಕೊಟ್ಟವರಲ್ಲ" ಎಂದು ಜನ ಆಡಿಕೊಳ್ಳುವಾಗ ಅವನು ಕೇಳಿಸದವನ ಹಾಗೆ ನಡೆದುಹೋಗುತ್ತಿದ್ದ. ಕೇಳಿಸುತ್ತಿತ್ತು ಮಹರಾಯಾ, ಚೆನ್ನಾಗಿಯೇ ಕೇಳಿಸುತ್ತಿತ್ತು! ಆ ಮಾತಿನ ರುಚಿ ಹತ್ತಿಬಿಟ್ಟಿತ್ತು ಅವನಿಗೆ.

ಪಟ್ಟಣಕ್ಕೆ ಮೂರು ಕೆಲಸ ಆಗಬೇಕಿತ್ತು. ಸಂತೆಗೆ ಒಂದು ಸೂರು, ಪೇಟೆಬೀದಿಗೆ ಕಲ್ಲುಹಾಸು, ಕೆರೆಯ ಏರಿಗೆ ದುರಸ್ತಿ. ಬೊಕ್ಕಸ ಬರಿದು. ಸಭೆ ಹೊಸದೊಂದು ಸುಂಕ ಹಾಕಿತು. ಯಾರು ಏನೇ ಮಾರಲಿ, ಮಾರಿದ್ದರಲ್ಲಿ ಒಂದಿಷ್ಟು ಊರಿಗೆ ಕೊಡಬೇಕು. ಮೂರೇ ವರ್ಷ, ನಾಲ್ಕನೆಯ ವರ್ಷ ಸುಂಕವಿಲ್ಲ ಎಂದು ಡಂಗುರ ಸಾರಿಸಿತು. ಸೊಪ್ಪು ಮಾರುವವಳು ಕೂಡ ಗೊಣಗಿಕೊಂಡೇ ಒಪ್ಪಿದಳು. ಒಂದು ವರ್ಷದ ಸುಂಕ ಒಂದು ಕೆಲಸಕ್ಕೆ ಸಾಕಾಗುತ್ತಿತ್ತು. ಯಾವುದು ಮೊದಲು, ಯಾವುದು ಕಡೆಗೆ ಎಂಬುದನ್ನು ಸಭೆ ತೀರ್ಮಾನಿಸಬೇಕಿತ್ತು.

ಸಭೆ ಸೇರುವ ದಿನ ಬೆಳಿಗ್ಗೆ ಕೆರೆ ಕಾಯುವ ನೀರುಗಂಟಿ ವ್ಯಾಪಾರಿಯ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಚೊಂಬು ನೀರು.

"ಏರಿಯ ಬುಡದಲ್ಲಿ ಜಿನುಗುವ ನೀರು ಸ್ವಾಮಿ. ಹತ್ತು ವರ್ಷದಿಂದ ಜಿನುಗ್ತಾ ಇದೆ, ಆದರೆ ತಿಳಿಯಾಗಿ ಬರ್ತಿತ್ತು. ಈಗ ನೋಡಿ, ಕೆಂಪಗೆ ಬರ್ತಿದೆ. ಏರಿಯ ಒಳಗಿನ ಮಣ್ಣನ್ನೇ ಹೊತ್ಕೊಂಡು ಬರ್ತಿದೆ. ಈ ಮಳೆಗಾಲ ದಾಟಲ್ಲ. ಏರಿಯ ಕೆಳಗೆ ನಲವತ್ತು ಮನೆ ಇವೆ."

ವ್ಯಾಪಾರಿ ಚೊಂಬಿನೊಳಗೆ ಬಗ್ಗಿ ನೋಡಿದ. "ಏರಿಯೇ ಮೊದಲು. ನೀನು ನಿಶ್ಚಿಂತೆಯಿಂದ ಹೋಗು" ಎಂದ. ಸುಳ್ಳು ಹೇಳಲಿಲ್ಲ ಕಣಯ್ಯಾ. ಹಾಗೆಂದೇ ಮನಸ್ಸು ಮಾಡಿ ಸಭೆಗೆ ಹೋದ.

ಸಭೆಯಲ್ಲಿ ನಾಲ್ವರು ಸಂತೆಯ ಸೂರು ಮೊದಲೆಂದರು, ನಾಲ್ವರು ಏರಿ ಮೊದಲೆಂದರು. ಉಳಿದದ್ದು ಹಿರಿಯನ ಮಾತು. ಅವನು ಬಾಯಿ ತೆರೆಯುವಷ್ಟರಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಒಬ್ಬ ನಕ್ಕ.

"ಏರಿ ಅಂತಲೇ ಹೇಳ್ತಾರೆ ಬಿಡಿ. ಹೊಸ ಬೀಗರ ಕೇರಿ ಅಲ್ಲವೇ!"

ಹೌದು, ಹಿಂದಿನ ತಿಂಗಳಷ್ಟೇ ವ್ಯಾಪಾರಿ ತನ್ನ ಒಬ್ಬಳೇ ಮಗಳನ್ನು ಏರಿಯ ಕೆಳಗಿನ ಆ ಕೇರಿಗೆ ಮದುವೆ ಮಾಡಿ ಕೊಟ್ಟಿದ್ದ. ಆಡಿದವನು ತಮಾಷೆಗೆ ಆಡಿದ್ದು. ಸಭೆಯೂ ತಮಾಷೆಗೇ ಗೊಳ್ಳೆಂದು ನಕ್ಕಿತು. ವ್ಯಾಪಾರಿಗೆ ಮಾತ್ರ ಕಿವಿಯಲ್ಲಿ ಕಾದ ಎಣ್ಣೆ ಸುರಿದ ಹಾಗಾಯಿತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು! ನಾಳೆ ಸೊಪ್ಪಿನವಳೂ ಇದೇ ಮಾತು ಆಡುತ್ತಾಳೆ, ನಮ್ಮ ಸುಂಕದಲ್ಲಿ ಮಗಳ ಮನೆ ಭದ್ರ ಮಾಡಿಕೊಂಡ ಎನ್ನುತ್ತಾಳೆ.

"ಮೊದಲು ಸಂತೆಯ ಸೂರು" ಎಂದ ವ್ಯಾಪಾರಿ. "ಎರಡನೆಯ ವರ್ಷ ಬೀದಿ. ಏರಿ ಮೂರನೆಯ ವರ್ಷಕ್ಕೆ."

ನೋಡು, ಎರಡನೆಯ ವರ್ಷಕ್ಕೂ ಇಡಲಿಲ್ಲ ಪುಣ್ಯಾತ್ಮ. ಸಭೆ ತಲೆದೂಗಿತು. ನಗಾಡಿದವನೇ ಎದ್ದು ಬಂದು ಕೈಮುಗಿದ. ವ್ಯಾಪಾರಿ ಮನೆಗೆ ಹೋಗುವಾಗ ನೀರುಗಂಟಿ ಎದುರಾದಾನೆಂದು ಬಳಸುದಾರಿ ಹಿಡಿದ.

ಬರಲಿದ್ದ ಸುಂಕದ ಭರವಸೆಯ ಮೇಲೆ ಸಾಲ ತಂದು ಕೆಲಸ ಹಿಡಿದರು, ಸೂರು ಬೇಗನೆ ಎದ್ದಿತು. ಆಷಾಢ ಬಂತು. ಹೊಸದಾಗಿ ಮದುವೆಯಾದ ಹೆಣ್ಣು ಆ ತಿಂಗಳು ಅತ್ತೆಮನೆಯಲ್ಲಿ ಇರಬಾರದೆಂಬುದು ಅಲ್ಲಿಯ ಪದ್ಧತಿ. ಮಗಳು ತವರಿಗೆ ಬಂದಳು. ಅವಳ ಹಿಂದೆಯೇ ಮಳೆ ಹಿಡಿಯಿತು, ಬಿಡಲೇ ಇಲ್ಲ.

ಸಂತೆಯ ದಿನ, ಮಟಮಟ ಮಧ್ಯಾಹ್ನ. ಅಂಥ ಮಳೆಯಲ್ಲೂ ಒಂದು ಹನಿ ತಾಗದೆ ಜನ ಹೊಸ ಸೂರಿನಡಿ ಕೊಳ್ಳುತ್ತಿದ್ದರು, ಮಾರುತ್ತಿದ್ದರು, ಹಿರಿಯನನ್ನು ಹೊಗಳುತ್ತಿದ್ದರು. ಅಷ್ಟರಲ್ಲಿ ಕೆರೆಯ ಕಡೆಯಿಂದ ಒಂದು ಸದ್ದು ಬಂತು. ಗುಡುಗಲ್ಲ. ಗುಡುಗಾದರೆ ನಿಲ್ಲುತ್ತದೆ, ಅದು ನಿಲ್ಲಲಿಲ್ಲ.

ವ್ಯಾಪಾರಿ ಬರಿಗಾಲಲ್ಲಿ ಓಡಿದ. ಹೋಗಿ ನೋಡಿದರೆ, ಅಯ್ಯೋ ಶಿವನೇ! ಮನೆಗಳು ಬಿದ್ದಿದ್ದವು ಎಂದಲ್ಲ, ಅಲ್ಲಿ ಕೇರಿಯೇ ಇರಲಿಲ್ಲ. ಕೆಂಪು ನೀರು ಹರಿಯುತ್ತಿತ್ತು. ಅದರ ಮೇಲೆ ಒಂದು ತೊಟ್ಟಿಲು ಮಗುಚಿಕೊಂಡು ತೇಲಿಹೋಯಿತು. ಅವನು ಕೆಸರಿನಲ್ಲೇ ಕುಸಿದು ಕೂತ.

ಸಂತೆಗೆ ಬಂದಿದ್ದ ಗಂಡಸರು ಉಳಿದರು. ಅಳಿಯನೂ ಉಳಿದ. ಮನೆಯಲ್ಲಿದ್ದ ಮುದುಕರು, ಹೆಂಗಸರು, ಕೂಸುಗಳು, ಒಬ್ಬರೂ ಉಳಿಯಲಿಲ್ಲ. ಏರಿಯ ಮೇಲೆ ನಿಂತು ಕೇರಿಯವರನ್ನು ಕೂಗಿ ಎಚ್ಚರಿಸುತ್ತಿದ್ದ ನೀರುಗಂಟಿಯೂ ಏರಿಯ ಜೊತೆಗೇ ಹೋದ.

ಸಂಜೆಯ ಹೊತ್ತಿಗೆ ಊರು ಮಾತಾಡಿಕೊಳ್ಳತೊಡಗಿತು. ಎಲ್ಲಾ ಗೊತ್ತಿದ್ದೇ ಮಗಳನ್ನು ಮೊದಲೇ ಕರೆಸಿಕೊಂಡ ಎಂದಿತು. ಆಷಾಢದ ಪದ್ಧತಿ ಯಾರಿಗೆ ಗೊತ್ತಿರಲಿಲ್ಲ? ಆದರೆ ಆ ಸಂಜೆ ಯಾರಿಗೂ ನೆನಪಾಗಲಿಲ್ಲ. ಯಾವ ಮಾತಿಗೆ ಹೆದರಿ ಏರಿಯನ್ನು ಹಿಂದಕ್ಕೆ ತಳ್ಳಿದನೋ ಅದೇ ಮಾತು ಮನೆಮನೆಯಲ್ಲೂ ಕೇಳಿಬಂತು.

ಮಗಳು ಮಾತ್ರ ಹಾಗೆ ಹೇಳಲಿಲ್ಲ. ಹೊಸಲಿನ ಹತ್ತಿರ ಕೂತಿದ್ದ ಅಪ್ಪನ ಎದುರಿಗೆ ಬಂದು ನಿಂತಳು.

"ಅಪ್ಪಾ, ನನ್ನನ್ನು ಬೇರೆ ಕೇರಿಗೆ ಕೊಟ್ಟಿದ್ದರೆ ಸಭೆಯಲ್ಲಿ ಏನು ಹೇಳ್ತಿದ್ದೆ?"

ವ್ಯಾಪಾರಿ ತಲೆ ಎತ್ತಲಿಲ್ಲ. ಆದರೆ ಆಗಲೂ ಸುಳ್ಳು ಹೇಳಲಿಲ್ಲ. "ಏರಿಯೇ ಮೊದಲು ಅನ್ನುತ್ತಿದ್ದೆ, ಮಗಳೇ" ಎಂದ.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸತ್ತವರೆಲ್ಲ ತನ್ನ ಮದುವೆಗೆ ಅಕ್ಷತೆ ಹಾಕಿದವರು. ಅಪ್ಪ ಕೈಚಾಚಿದ. ಅವಳು ಹಿಂದೆ ಸರಿದಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಮರುಳಯ್ಯ ಬಿಡಲಿಲ್ಲ. "ಆದದ್ದು ಘೋರವೇ ಗುರುಗಳೇ. ಆದರೆ ಅವನು ಪಕ್ಷಪಾತವನ್ನಂತೂ ಮಾಡಲಿಲ್ಲವಲ್ಲ?" ಎಂದ.

"ಇಡೀ ಕೇರಿಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಮಗಳ ಮನೆಯೊಂದೇ, ಪಕ್ಷಪಾತವೆಂದರೆ ಇನ್ನೇನಯ್ಯಾ?" ಎಂದರು ಗುರುಗಳು.