ಬಾವಿಕಟ್ಟೆಯೂ ದಂಡದ ಪಾಲೂ

ಏರುಪೇಟೆ ಎಂಬ ಪಟ್ಟಣದಲ್ಲಿ ಸಂತೆಗೆ ಹೋಗುವ ಬೀದಿ ಕಡಿದಾದ ಇಳಿಜಾರಾಗಿತ್ತು. ಇಳಿಜಾರಿನ ಬುಡದಲ್ಲೇ ಊರಿನ ಸಿಹಿನೀರಿನ ಬಾವಿ. ಭಾರ ಹೇರಿದ ಗಾಡಿ ಇಳಿಯುವಾಗ ಎತ್ತುಗಳ ಕಾಲು ಜಾರಿದರೆ ಅದು ನೀರು ಸೇದುವವರ ಮೇಲೆಯೇ ನುಗ್ಗುತ್ತಿತ್ತು.

ಅದಕ್ಕಾಗಿ ಒಂದು ಕಟ್ಟಳೆ ಮಾಡಿದ್ದರು. ಇಳಿಯುವ ಪ್ರತಿ ಗಾಡಿಯೂ ಹಿಂದೆ ಒಂದು ಮರದ ದಿಮ್ಮಿಯನ್ನು ಕಟ್ಟಿಕೊಳ್ಳಬೇಕು. ನೆಲಕ್ಕೆ ಉಜ್ಜುವ ದಿಮ್ಮಿ ಗಾಡಿಯ ಓಟವನ್ನು ತಡೆಯುತ್ತಿತ್ತು. ಬುಡದಲ್ಲಿ ಬಿಚ್ಚಿಟ್ಟ ದಿಮ್ಮಿಗಳನ್ನು ಏರಿ ಹೋಗುವ ಗಾಡಿಯವರು ಹೇರಿಕೊಂಡು ಹೋಗಿ ಮೇಲೆ ಇಳಿಸಬೇಕು. ದಿಮ್ಮಿ ಕಟ್ಟದೆ ಇಳಿದವನಿಗೆ ದಂಡ.

ಕಾವಲಿಗೆ ಅರಮನೆಯ ಆಳುಗಳು ಸಾಲದಾದಾಗ ರಾಣಿ ಮಂಗಳಾಂಬೆ ಆ ಕೆಲಸವನ್ನು ಕೆಂಪರಾಯನೆಂಬ ಗುತ್ತಿಗೆದಾರನಿಗೆ ವಹಿಸಿದಳು. ಸಂಬಳವಿಲ್ಲ. ವಸೂಲಾದ ದಂಡದಲ್ಲಿ ಅರ್ಧ ಅವನಿಗೆ, ಅರ್ಧ ಬೊಕ್ಕಸಕ್ಕೆ.

"ಖರ್ಚೇ ಇಲ್ಲದ ಕಾವಲು!" ಎಂದು ದಿವಾನರು ಹಿಗ್ಗಿದರು.

ವರ್ಷ ಕಳೆಯಿತು. ದಂಡದ ವಸೂಲಿ ಏರುತ್ತಲೇ ಹೋಯಿತು. ಕಾವಲು ಬಿಗಿಯಾಗಿದೆ ಎಂದು ಅರಮನೆ ನಂಬಿತು.

ಒಂದು ಸಂತೆಯ ದಿನ ಬೆಲ್ಲದ ಗಾಡಿಯೊಂದು ದಿಮ್ಮಿಯಿಲ್ಲದೆ ನುಗ್ಗಿ ಬಂದು ಸೂಲಗಿತ್ತಿ ಹೊಂಬಾಳಮ್ಮನ ಕಾಲಿನ ಮೇಲೆ ಹಾಯಿತು. ಊರಿನ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಅವಳದು. ಸುದ್ದಿ ಕೇಳಿದ ರಾಣಿ ದಿವಾನರೊಡನೆ ತಾನೇ ಅವಳ ಮನೆಗೆ ಬಂದಳು.

"ದಂಡದ ಹಣದಿಂದ ನಿನಗೆ ಪರಿಹಾರ ಕೊಡಿಸುತ್ತೇನೆ," ಎಂದಳು.

"ನನ್ನ ಕಾಲು ಹೋದದ್ದು ಹೋಯಿತು, ತಾಯಿ," ಎಂದಳು ಹೊಂಬಾಳಮ್ಮ. "ನಾಳೆಯಿಂದ ನನ್ನ ಸೊಸೆ ದೇವೀರಿ ಆ ಬಾವಿಗೆ ಹೋಗಬೇಕಲ್ಲ. ಅವಳಿಗೆ ಈಗ ಏಳು ತಿಂಗಳು. ಗಾಡಿ ಬಂತೆಂದರೆ ಎದ್ದುಬಿದ್ದು ಓಡುವ ಮೈಯಲ್ಲ ಅದು. ನನಗೆ ಹಣ ಬೇಡ, ಅವಳನ್ನು ಉಳಿಸಿಕೊಡಿ."

ಬಾಗಿಲ ಮರೆಯಿಂದ ದೇವೀರಿ ಪಿಸುಗುಟ್ಟಿದಳು: "ಅತ್ತೆ, ರಾಣಿಯವರ ಮುಂದೆ ಇದೆಲ್ಲ ಹೇಳುತ್ತಾರೆಯೇ?"

"ಸುಮ್ಮನಿರೇ. ಅವರೂ ಹೆತ್ತವರೇ."

ರಾಣಿ ಅಲ್ಲಿಂದ ನೇರವಾಗಿ ಇಳಿಜಾರಿಗೆ ಹೋದಳು. ಮೇಲ್ತುದಿಯಲ್ಲಿ ಒಂದು ದಿಮ್ಮಿಯೂ ಇರಲಿಲ್ಲ. ಎಲ್ಲವೂ ಬುಡದಲ್ಲಿ ಬಿದ್ದು, ಅವುಗಳ ನಡುವೆ ಹುಲ್ಲು ಬೆಳೆದಿತ್ತು. ಬೆಲ್ಲದ ಗಾಡಿಯವನು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ಮೇಲೆ ದಿಮ್ಮಿಯೇ ಇರಲಿಲ್ಲ, ತಾಯಿ," ಎಂದ. "ಸಂತೆಗೆ ಹೊತ್ತಾಗಿತ್ತು. ದಂಡ ಕಟ್ಟಿದರಾಯಿತು ಎಂದು ಇಳಿದುಬಿಟ್ಟೆ. ಎಲ್ಲರೂ ಹಾಗೆಯೇ ಇಳಿಯುವುದು."

ಕೆಂಪರಾಯನ ಕಾವಲುಗಾರ ಬೋರಣ್ಣ ಬಾವಿಯ ಹತ್ತಿರದ ಮೋಟುಗೋಡೆಯ ಹಿಂದಿನಿಂದ ಎದ್ದು ಬಂದ. ಅವನು ದಿನವೂ ಕೂರುತ್ತಿದ್ದ ಜಾಗ ಅದು.

"ಇಲ್ಲಿ ಅವಿತು ಕೂರುವ ಬದಲು ಮೇಲೇಕೆ ನಿಲ್ಲಲಿಲ್ಲ?" ಎಂದು ರಾಣಿ ಕೇಳಿದಳು.

ಬೋರಣ್ಣ, ಸುದ್ದಿ ತಿಳಿದು ಅಲ್ಲಿಗೆ ಬಂದು ನಿಂತಿದ್ದ ಒಡೆಯ ಕೆಂಪರಾಯನ ಮುಖ ನೋಡಿದ. ಬಾವಿಕಟ್ಟೆಯ ಮೇಲೆ ಒಡೆದು ಬಿದ್ದಿದ್ದ ಹೊಂಬಾಳಮ್ಮನ ಕೊಡವನ್ನು ನೋಡಿದ.

"ಮೇಲೆ ನಿಂತರೆ ಎಲ್ಲರೂ ದಿಮ್ಮಿ ಕಟ್ಟಿಕೊಂಡೇ ಇಳಿಯುತ್ತಾರೆ, ತಾಯಿ. ಆಗ ನಮ್ಮ ಯಜಮಾನರಿಗೆ ಏನು ಸಿಗುತ್ತದೆ? ದಿಮ್ಮಿ ಮೇಲೆ ಹೋಗದಂತೆ ನೋಡಿಕೋ ಎಂದು ಅವರೇ ಹೇಳಿದ್ದರು."

ಕೆಂಪರಾಯ ಒಂದಿಷ್ಟೂ ಅಳುಕಲಿಲ್ಲ. "ತಪ್ಪಿದವರನ್ನು ಹಿಡಿಯುವುದು ನನ್ನ ಗುತ್ತಿಗೆ. ಹಿಡಿದಿದ್ದೇನೆ. ದಿಮ್ಮಿ ಸಾಗಿಸಬೇಕೆಂದು ಪತ್ರದಲ್ಲಿ ಎಲ್ಲಿದೆ?"

"ಪತ್ರಕ್ಕೆ ಮುದ್ರೆ ಒತ್ತಿದವಳು ನಾನು," ಎಂದಳು ರಾಣಿ. "ಜನ ತಪ್ಪಿದಷ್ಟೂ ನಿನಗೆ ಲಾಭ ಎಂದು ಬರೆದುಕೊಟ್ಟು, ಅವರು ತಪ್ಪದಂತೆ ನೀನು ಕಾಯುತ್ತೀಯೆ ಎಂದು ನಂಬಿದೆ. ಇಂದಿನಿಂದ ದಂಡದ ಹಣದಲ್ಲಿ ಯಾವ ಖಾಸಗಿಯವನಿಗೂ ಪಾಲಿಲ್ಲ. ಕಾಯುವವನಿಗೆ ತಿಂಗಳ ಸಂಬಳ. ದಂಡ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ."

ದಿವಾನರು ಮೆಲ್ಲಗೆ ಹೇಳಿದರು: "ಗುತ್ತಿಗೆ ಮುಗಿಯಲು ಇನ್ನೂ ಎರಡು ವರ್ಷವಿದೆ. ಅಲ್ಲಿಯವರೆಗೆ ತಾಳಿದರೆ ಬೊಕ್ಕಸಕ್ಕೂ ಒಳ್ಳೆಯದು."

"ದೇವೀರಿಯ ಹೆರಿಗೆಗೆ ಉಳಿದಿರುವುದು ಎರಡೇ ತಿಂಗಳು, ದಿವಾನರೇ," ಎಂದಳು ರಾಣಿ.

"ಪಾಲಿಲ್ಲದ ಮೇಲೆ ಬಿಸಿಲು ಕಾಯಲು ನನಗೇನು ಹುಚ್ಚೇ?" ಎಂದು ಕೆಂಪರಾಯ ರುಮಾಲು ಕೊಡವಿ ಹೊರಟುಹೋದ. ರಾಣಿ ಬೋರಣ್ಣನನ್ನು ಅರಮನೆಯ ಸಂಬಳಕ್ಕೆ ಸೇರಿಸಿಕೊಂಡಳು.

ಮರುದಿನದಿಂದ ಅವನು ಮೇಲ್ತುದಿಯಲ್ಲಿ ನಿಂತ. ಏರಿ ಬಂದ ಗಾಡಿಗಳಿಂದ ದಿಮ್ಮಿ ಇಳಿಸಿಕೊಂಡ. ಇಳಿಯುವವರ ಹಗ್ಗವನ್ನು ತಾನೇ ಎಳೆದು ಪರೀಕ್ಷಿಸಿದ.

"ಏನು ಬೋರಣ್ಣ, ಮೊನ್ನೆಯವರೆಗೆ ಗೋಡೆಯ ಹಿಂದೆ ಬೆಕ್ಕಿನ ಹಾಗೆ ಕೂತಿರುತ್ತಿದ್ದೆಯಲ್ಲ!" ಎಂದು ಗಾಡಿಯವರು ಕೆಣಕಿದರು.

"ಆಗ ನಿಮ್ಮನ್ನು ಕಂಡರೆ ಇಲಿ ಕಂಡಂತಾಗುತ್ತಿತ್ತು, ಕಣ್ರಯ್ಯಾ. ಈಗ ಮನುಷ್ಯರ ಹಾಗೆ ಕಾಣುತ್ತೀರಿ," ಎಂದು ಅವನೂ ನಕ್ಕ.

ದಂಡ ತೆರುವವರೇ ಅಪರೂಪವಾದರು. ಒಬ್ಬರ ಮೇಲೂ ಗಾಡಿ ಹಾಯಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಹೊಂಬಾಳಮ್ಮ ಊರುಗೋಲು ಹಿಡಿದು ಅರಮನೆಗೆ ಬಂದಳು. ಹಿಂದೆ ದೇವೀರಿ, ಅವಳ ತೋಳಲ್ಲಿ ಹೆಣ್ಣುಕೂಸು.

"ಕುಂಟುಕಾಲಲ್ಲೇ ನಿಂತು ನಾನೇ ಎತ್ತಿಕೊಂಡೆ, ತಾಯಿ. ನಿಮ್ಮ ಋಣ ದೊಡ್ಡದು."

ರಾಣಿ ಕೂಸಿನ ಅಂಗಾಲನ್ನು ಮುಟ್ಟಿದಳು. "ನನ್ನದೇ ತಪ್ಪನ್ನು ತಿದ್ದಿಕೊಂಡೆ, ಅಷ್ಟೇ. ಒಡೆಯನ ಎದುರಿಗೇ ನಿಜ ಹೇಳಿದವನು ಬೋರಣ್ಣ. ಋಣವಿದ್ದರೆ ಅವನದು."

"ಮೊದಲು ಕೂಸನ್ನು ಅವನಿಗೇ ತೋರಿಸಿದೆವು. ಎತ್ತಿಕೋ ಅಂದರೆ ಕೈ ಬಿಡುವಿಲ್ಲ ಅಂದ," ಎಂದು ದೇವೀರಿ ನಕ್ಕಳು. "ಗಾಡಿಯೊಂದು ಇಳಿಯುವುದರಲ್ಲಿತ್ತು. ದಿಮ್ಮಿ ಕಟ್ಟುತ್ತಿದ್ದ."

ನೀತಿ: ಜನರ ತಪ್ಪಿನಲ್ಲಿ ಪಾಲು ಪಡೆಯುವವನು ಆ ತಪ್ಪನ್ನು ತಡೆಯಲಾರ. ದಂಡವಿರುವುದು ಜೀವ ಉಳಿಸುವುದಕ್ಕೆ, ಯಾರ ಸಂಪಾದನೆಗೂ ಅಲ್ಲ. ನಾವು ಎಡವುವ ಮೊದಲೇ ಎಚ್ಚರಿಸುವ ಕಾವಲುಗಾರನಿಗೆ ಕೃತಜ್ಞರಾಗಿರೋಣ.