ಬೆನ್ನು ಹಾಕಿ ಗೆಲ್ಲಿಸಿದ ಜವರಪ್ಪ

ಬಹಳ ಬಹಳ ಹಿಂದೆ, ನಿಮ್ಮಜ್ಜನಿಗೆ ಇನ್ನೂ ಮೀಸೆ ಮೂಡದಿದ್ದ ಕಾಲದಲ್ಲಿ, ಆಲೆಕಟ್ಟೆ ಅಂತ ಒಂದೂರು. ಊರಿಗೊಂದು ಸಕ್ಕರೆ ಕಾರ್ಖಾನೆ, ಕಾರ್ಖಾನೆಗೊಂದು ಬ್ಯಾಸ್ಕೆಟ್‌ಬಾಲ್ ತಂಡ. ಆಡುವುದೇ ಆ ಹುಡುಗರ ಕೆಲಸ, ಅದಕ್ಕೇ ಅವರಿಗೆ ಸಂಬಳ. ಚೆಂಡು ಎಸೆದರೆ ಸಂಬಳವೇ ಅಂತ ಕಬ್ಬು ಕಡಿಯುವವರು ಮೊದಮೊದಲು ನಕ್ಕರಂತೆ. ಆಮೇಲೆ ಅವರೇ ಕತ್ತಿ ಕೆಳಗಿಟ್ಟು ಆಟ ನೋಡಲು ಓಡಿ ಬರುತ್ತಿದ್ದರಂತೆ.

ಆ ತಂಡದಲ್ಲಿ ಕಂಬದ ಈರಣ್ಣ ಅಂತ ಒಬ್ಬನಿದ್ದ. ಎಂಥಾ ಎತ್ತರ ಅಂತೀರಿ! ಸೂರಿನ ಮೇಲೆ ಒಣಹಾಕಿದ ಹಪ್ಪಳವನ್ನು ನಿಂತಲ್ಲಿಂದಲೇ ತಿರುವಿ ಹಾಕುತ್ತಿದ್ದನಂತೆ. ಜಗಲಿಯಲ್ಲಿ ಮಲಗಿದರೆ ಕಾಲು ಪಕ್ಕದ ಮನೆಯ ಜಗಲಿಯಲ್ಲಿರುತ್ತಿತ್ತಂತೆ. ಹಾಗಂತ ಹೇಳುತ್ತಾರೆ, ನಾನೇನು ಅಳೆದು ನೋಡಿಲ್ಲ.

ಆದರೆ ಕಥೆ ಈರಣ್ಣನದಲ್ಲ, ಜವರಪ್ಪನದು. ಜವರಪ್ಪ ಕಾರ್ಖಾನೆಯ ಬಾಯ್ಲರಿಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದವನು. ಹುಟ್ಟಿದಾಗಿನಿಂದ ಚೆಂಡು ಮುಟ್ಟಿದವನಲ್ಲ, ಆದರೆ ತಂಡ ಅಂದರೆ ಪ್ರಾಣ. ತಂಡ ಗೆದ್ದ ದಿನ ಎರಡು ಮುದ್ದೆ ಜಾಸ್ತಿ ಉಣ್ಣುತ್ತಿದ್ದ, ಸೋತ ದಿನ ಒಲೆಯೇ ಹಚ್ಚಬೇಡ ಅನ್ನುತ್ತಿದ್ದ. ಹೆಂಡತಿ ಕೆಂಚಮ್ಮ ಹಿತ್ತಿಲಲ್ಲಿ ಕದ್ದು ಒಲೆ ಹಚ್ಚುತ್ತಿದ್ದಳಂತೆ.

ಪ್ರತಿ ಪಂದ್ಯಕ್ಕೂ ಜವರಪ್ಪ ಎಲ್ಲರಿಗಿಂತ ಮುಂದೆ ಕೂತು, ರೆಪ್ಪೆ ಬಡಿಯದೆ ನೋಡುತ್ತಿದ್ದ. ತಂಡ ವರ್ಷ ವರ್ಷವೂ ಫೈನಲ್‌ಗೆ ಹೋಗುತ್ತಿತ್ತು, ವರ್ಷ ವರ್ಷವೂ ಸೋಲುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ. ಈರಣ್ಣ ಎಸೆದ ಕೊನೆಯ ಚೆಂಡು ರಿಂಗಿನ ಮೇಲೆ ಕೂತು, ಪ್ರದಕ್ಷಿಣೆ ಹಾಕಿ, ಹೊರಗೇ ಬೀಳುತ್ತಿತ್ತು. ಏಳು ವರ್ಷ ಹೀಗೇ ಆಯಿತಂತೆ.

ಎಂಟನೆಯ ವರ್ಷ ಏನಾಯಿತಪ್ಪಾ ಅಂದರೆ, ಕೊನೇ ಗಳಿಗೆಯಲ್ಲಿ ಚಿಮಣಿಯಿಂದ ಬೂದಿಯ ಚೂರೊಂದು ಹಾರಿ ಬಂದು ಜವರಪ್ಪನ ಕಣ್ಣಿಗೆ ಬಿತ್ತು. ಅವನು ಆಟಕ್ಕೆ ಬೆನ್ನು ಮಾಡಿ, ಹಿಂದೆ ಕೂತಿದ್ದ ಕೆಂಚಮ್ಮನಿಗೆ ಊದು ಅಂದ. ಅವಳು ಊದುತ್ತಿರುವಾಗಲೇ ಈರಣ್ಣನ ಚೆಂಡು ಒಳಗೆ ಬಿತ್ತು, ಊರಿಗೆ ಮೊದಲ ಕಪ್ ಬಂತು. ಎಲ್ಲರೂ ಕುಣಿದರು. ಕೆಂಚಮ್ಮ ಮಾತ್ರ ಗಂಡನನ್ನೇ ದುರುಗುಟ್ಟಿ ನೋಡಿದಳಂತೆ.

"ಏಳ್ ವರ್ಸದಿಂದ ತಾಕಿದ್ದು ನಿಮ್ ಕಣ್ಣೇ ಕನಿ. ಹೆತ್ತೋಳ ಕಣ್ಣೇ ಮಗೀಗೆ ಮೊದ್ಲು ನಾಟೋದು. ಅಷ್ಟೊಂದು ಆಸೇಲಿ ನೋಡುದ್ರೆ ಆ ಚೆಂಡು ತಾನೇ ಏನ್ ಮಾಡ್ತದೆ?"

ಊರು ಸುಮ್ಮನೆ ನಂಬಲಿಲ್ಲ, ಈರಣ್ಣನ ಕೈಲಿ ಚೆಂಡು ಎಸೆಸಿ ಪರೀಕ್ಷೆ ಮಾಡಿತು. ಜವರಪ್ಪ ನೋಡಿದರೆ ಹತ್ತಕ್ಕೆ ಹತ್ತೂ ಹೊರಗೆ, ಬೆನ್ನು ಹಾಕಿದರೆ ಹತ್ತಕ್ಕೆ ಹತ್ತೂ ಒಳಗೆ. ನಾಯಿ ಕಣ್ಣು, ನರಿ ಕಣ್ಣು, ಜವರಪ್ಪನ ಕಣ್ಣು ಅಂತ ಹೆಸರು ಹಿಡಿದೇ ತಂಡಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಅಂತಾರೆ ನೋಡಿ. ಒಂದು ಸೇರು ಮೆಣಸಿನಕಾಯಿ ಸುಟ್ಟರೂ ಒಬ್ಬರೂ ಕೆಮ್ಮಲಿಲ್ಲವಂತೆ. ಅಂಥಾ ಕಣ್ಣು! ಕೊನೆಗೆ ಹಿರಿಯರೆಲ್ಲ ಕೈಮುಗಿದು, ಪಂದ್ಯಕ್ಕೆ ಬಾ ಮಾರಾಯ, ಆದರೆ ಬೆನ್ನು ಹಾಕಿ ಕೂತುಕೋ ಅಂದರು. ಜವರಪ್ಪ ಒಂದಿಡೀ ದಿನ ಅತ್ತು, ಆಮೇಲೆ ಒಪ್ಪಿಕೊಂಡ.

ಅಲ್ಲಿಂದ ಹದಿಮೂರು ವರ್ಷ ಅವನು ಜನರ ಮುಖದಲ್ಲೇ ಆಟ ನೋಡಿದನಂತೆ. ದರ್ಜಿ ಮುಕುಂದರಾಯರ ಬಾಯಿ ತೆರೆದರೆ ಚೆಂಡು ಗಾಳಿಯಲ್ಲಿದೆ. ಸೂಲಗಿತ್ತಿ ನಿಂಗವ್ವ ಎದೆ ಹಿಡಿದುಕೊಂಡರೆ ರಿಂಗಿಗೆ ತಾಕಿದೆ. ಇಬ್ಬರೂ ತಬ್ಬಿಕೊಂಡರೆ ಒಳಗೆ ಬಿದ್ದಿದೆ. ತಬ್ಬಿಕೊಂಡದ್ದು ಆಮೇಲೆ ಇಬ್ಬರಿಗೂ ನೆನಪಿರುತ್ತಿರಲಿಲ್ಲವಂತೆ. ಪಂದ್ಯ ಮುಗಿದ ಮೇಲೆ ಜವರಪ್ಪ ಟೀ ಅಂಗಡಿಯಲ್ಲಿ ಕೂತು ಇಡೀ ಆಟ ಹೇಳುತ್ತಿದ್ದ. ಕಣ್ಣಾರೆ ಕಂಡವರೇ ಬಂದು ಕೇಳುತ್ತಿದ್ದರು.

ಒಂಬತ್ತು ಕಪ್ ಬಂದವು. ಆದರೆ ಫೈನಲ್‌ನಲ್ಲಿ ತನ್ನವರ ಗೆಲುವಿನ ಚೆಂಡು ಬಲೆಯೊಳಗೆ ಇಳಿದದ್ದನ್ನು ಜವರಪ್ಪ ಒಂದು ಸಲವೂ ಕಂಡಿರಲಿಲ್ಲ. ಆಗ ಬಲೆ ಹೇಗೆ ಅಲುಗುತ್ತದೆ ಅಂತ ಮಕ್ಕಳನ್ನು ಹಿಡಿದು ಕೇಳುತ್ತಿದ್ದನಂತೆ. ಸಾಯುವುದರೊಳಗೆ ಒಂದೇ ಒಂದು ಸಲ ನೋಡಬೇಕು ಅಂತ ಕೆಂಚಮ್ಮನ ಹತ್ತಿರ ಹೇಳಿಕೊಳ್ಳುತ್ತಿದ್ದ.

ಕೊನೆಗೊಂದು ವರ್ಷ ಕಾರ್ಖಾನೆಯವರು, ಇನ್ನು ತಂಡ ಸಾಕು ಅಂದುಬಿಟ್ಟರು. ಅದೇ ಕಡೆಯ ಫೈನಲ್. ಈರಣ್ಣನ ತಲೆಯೂ ನೆರೆತಿತ್ತು. ಎರಡೂ ತಂಡ ಸಮಸಮ, ಸಮಯ ಮುಗಿದಿದೆ, ಉಳಿದದ್ದು ಈರಣ್ಣನದೊಂದು ಫ್ರೀ ಥ್ರೋ, ಯಾರೂ ಅಡ್ಡ ಬರದ ಹಾಗೆ ಒಬ್ಬನೇ ನಿಂತು ಎಸೆಯುವುದು. ಬಿದ್ದರೆ ಕಪ್ ನಮ್ಮದು. ರೆಫರಿ ಚೆಂಡು ನೀಡಿದರೆ ಈರಣ್ಣ ಕೈ ಚಾಚಲೇ ಇಲ್ಲ.

"ಜವರಣ್ಣೋ, ಈ ಕಡೀಕೆ ತಿರುಗು. ಇದೇ ಕಡೇ ಚೆಂಡು. ನೀನು ನೋಡ್ದೆ ನಾನು ಎಸೆಯಾಕಿಲ್ಲ!"

ಬ್ಯಾಡ ಕನಣ್ಣೋ, ತಿರುಗಬ್ಯಾಡ ಅಂತ ಊರಿಗೂರೇ ಬೊಬ್ಬೆ ಹೊಡೆಯಿತು. ರೆಫರಿ ಸೀಟಿ ಊದಿ, ಎಸೆಯದಿದ್ದರೆ ನಿನ್ನ ಸರದಿ ಹೋಯಿತು ಅಂದ. ತಿರುಗದಿದ್ದರೆ ಈರಣ್ಣ ಎಸೆಯುವುದಿಲ್ಲ, ತಿರುಗಿದರೆ ಚೆಂಡು ಬೀಳುವುದಿಲ್ಲ. ಜವರಪ್ಪ ಎದ್ದ, ತಿರುಗಿ ನಿಂತ. ಈರಣ್ಣ ಎಸೆದ. ಚೆಂಡು ರಿಂಗನ್ನೂ ಮುಟ್ಟದೆ ಒಳಗೆ ಬಿತ್ತು.

ಕಣ್ಣು ಇಳೀತು, ಕಣ್ಣು ಇಳೀತು ಅಂತ ಊರು ಕುಣಿಯಿತು. ಈರಣ್ಣ ಓಡಿ ಬಂದು, "ನೋಡಿದ್ಯಾ ಅಣ್ಣ?" ಅಂದ.

"ಕಣ್ತುಂಬ ನೋಡ್ದೆ ಕನಪ್ಪ" ಅಂದ ಜವರಪ್ಪ. ಅಷ್ಟುದ್ದದ ಮನುಷ್ಯ ನೆಲದ ಮೇಲೆ ಕೂತು ಅತ್ತುಬಿಟ್ಟನಂತೆ.

ಆದರೆ ಎಲ್ಲರೂ ಚೆಂಡು ನೋಡುತ್ತಿದ್ದಾಗ ಕೆಂಚಮ್ಮ ಗಂಡನ ಮುಖ ನೋಡುತ್ತಿದ್ದಳು. ತಿರುಗಿದವನೇ ಅವನು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ಮುಚ್ಚಿದ ರೆಪ್ಪೆಯಿಂದ ನೀರು ಇಳಿಯುತ್ತಿತ್ತಂತೆ. ಅವನು ಹೋಗಿ, ಆಮೇಲೆ ಈರಣ್ಣನೂ ಹೋಗುವ ತನಕ ಅವಳು ಇದನ್ನು ಯಾರಿಗೂ ಹೇಳಲಿಲ್ಲ.

ಈಗ ಆ ತಂಡವಿಲ್ಲ. ಬಿರುಕು ಬಿಟ್ಟ ಅಂಗಳದಲ್ಲಿ ಸಂಜೆ ಊರಿನ ಹುಡುಗ ಹುಡುಗಿಯರು ಆಡುತ್ತಾರೆ. ಕೊನೆಯ ಫ್ರೀ ಥ್ರೋ ಬಂತು ಅಂದರೆ ಮುದುಕರು, ಮಕ್ಕಳು, ಕಡಲೆಕಾಯಿ ಮಾರುವವಳು, ಎಲ್ಲರೂ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಪರವೂರಿನ ತಂಡದವರು ಇದೇನು ಗ್ರಹಚಾರ ಅಂತ ಗಾಬರಿಯಾಗುತ್ತಾರೆ. ರೆಫರಿ ಆ ಊರಿನವನೇ ಆದರೆ ಅವನೂ ಮುಚ್ಚಿಕೊಳ್ಳುತ್ತಾನೆ. ಆಮೇಲೆ ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಅಂತ ದೊಡ್ಡ ಜಗಳ. ಆಗ ಆಲೆಕಟ್ಟೆಯ ಯಾರನ್ನು ಬೇಕಾದರೂ ಕೇಳಿ, ಕಣ್ತುಂಬ ನೋಡಿದೆವು ಅನ್ನುತ್ತಾರೆ.