ಸಂಕವ್ವನ ಬಣ್ಣದ ಬಾನಿ

"ಗುರುಗಳೇ, ಯಾರಿಗೂ ಕೇಡು ಬಯಸದವನು ಕೇಡು ಮಾಡಬಲ್ಲನೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಹಳ್ಳದ ದಂಡೆಯಲ್ಲಿ ಭರಮಪ್ಪನೆಂಬ ಚರ್ಮ ಹದ ಮಾಡುವವನಿದ್ದ. ತೊಗಲನ್ನು ತಂಗಡಿ ಗಿಡದ ತೊಗಟೆಯ ನೀರಿನ ಗುಂಡಿಯಲ್ಲಿ ತಿಂಗಳುಗಟ್ಟಲೆ ನೆನೆಸುತ್ತಿದ್ದ. ಹದವಾದ ಚರ್ಮಕ್ಕೆ ಅವನ ಅಕ್ಕ ಸಂಕವ್ವ ತನ್ನ ಬಾನಿಯಲ್ಲಿ ಅರಗಿನ ಕೆಂಪು ಬಣ್ಣ ಹಾಕುತ್ತಿದ್ದಳು. ಅವಳು ಗಂಡನನ್ನು ಕಳೆದುಕೊಂಡವಳು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳೂ ಅವಳೇ.

ಎರಡು ಕೆಲಸವನ್ನೂ ಒಂದೇ ಗುಂಡಿಯಲ್ಲಿ ಏಕೆ ಮುಗಿಸಬಾರದು ಎಂದು ಭರಮಪ್ಪನಿಗೆ ಅನ್ನಿಸಿತು. ನೀರು ಉಳಿಯುತ್ತದೆ, ದಿನ ಉಳಿಯುತ್ತದೆ. ತೊಗಟೆಯ ನೀರಿಗೇ ಬಣ್ಣ ಸುರಿದು ನೋಡಿದ. ಬಣ್ಣ ಮೇಲೆಯೇ ಕಚ್ಚಿತು. ಒಳಗೆ ತೊಗಲು ಹಸಿಯಾಗಿಯೇ ಉಳಿದು ಕೊಳೆಯಿತು. ಎರಡು ವರ್ಷ ಹೀಗೇ ಹೋಯಿತು. ಕೊನೆಗೆ ಸಂಕವ್ವ ಗುಂಡಿಯ ಬಳಿ ಕುಳಿತು ನೋಡಿ, "ಒಮ್ಮೆಗೇ ಸುರಿಯಬೇಡವೋ. ತೊಗಟೆಯ ರಸ ಒಳಗಿಳಿದಷ್ಟೇ ಬಣ್ಣವನ್ನೂ ಇಳಿಸುತ್ತ ಹೋಗು" ಎಂದಳು. ದಿನಕ್ಕೆಷ್ಟು ಹಾಕಬೇಕೆಂದು ಅವಳೇ ಅಳೆದು ಕೊಟ್ಟಳು. ಆ ಸಲ ಚರ್ಮದ ಅಂಚು ಕೊಯ್ದು ನೋಡಿದರೆ ಒಳಗೂ ಕೆಂಪು. ಅಕ್ಕ ತಮ್ಮ ಇಬ್ಬರೂ ಹಿಗ್ಗಿದರು.

ಆಮೇಲೆ ಸಂಕವ್ವನ ಬಾನಿಗೆ ಚರ್ಮ ಬರಲಿಲ್ಲ. ನಿಲ್ಲಿಸಬೇಕೆಂದು ಭರಮಪ್ಪ ಎಂದೂ ಯೋಚಿಸಿದವನಲ್ಲ. ಕೊಡಲು ಏನೂ ಉಳಿದಿರಲಿಲ್ಲ, ಅಷ್ಟೇ. ಅವಳು ದಿನಾ ಬಾನಿ ತೊಳೆದು ಕಾದಳು. ಒಂದು ಮುಂಜಾನೆ ತಾನೇ ಬಂದು, "ತಮ್ಮಾ, ನನಗೇನಾದರೂ ಇದೆಯೇನೋ?" ಎಂದಳು.

"ನಿನಗಿನ್ನೇನು ಕೆಲಸವಕ್ಕಾ? ನಾನಿದ್ದೇನಲ್ಲ, ಕೂತು ಉಣ್ಣು" ಎಂದ ಭರಮಪ್ಪ. ಪ್ರೀತಿಯಿಂದಲೇ ಅಂದ.

ಮರುದಿನ ಅವಳು ಊರಲ್ಲಿರಲಿಲ್ಲ.

ಎಷ್ಟೋ ತಿಂಗಳು ಹುಡುಕಿದ ಮೇಲೆ ದೂರದ ಪೇಟೆಯ ಚರ್ಮದ ಕೇರಿಯಲ್ಲಿ ಸಿಕ್ಕಳು. ಸುಣ್ಣದ ಗುಂಡಿಯ ಬದಿಗೆ ಕುಳಿತು ಪರರ ತೊಗಲಿನ ಕೂದಲು ಹೆರೆಯುತ್ತಿದ್ದಳು. ಸುಣ್ಣ ಬೆರಳುಗಳನ್ನು ತಿಂದಿತ್ತು. ಭರಮಪ್ಪ ಅವಳ ಕಾಲು ಹಿಡಿದು ಮನೆಗೆ ಬಾ ಎಂದು ಅತ್ತ. ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ತೊಗಲು ಮುಗಿಸಿ, ಇನ್ನೊಂದನ್ನು ಎಳೆದುಕೊಂಡಳು.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಅವನ ತಪ್ಪೇನು ಗುರುಗಳೇ? ಅನ್ನ ಇಕ್ಕುತ್ತೇನೆ ಎಂದನಲ್ಲ!"

"ಅವಳು ಅನ್ನ ಕೇಳಿರಲಿಲ್ಲ" ಎಂದರು ಗುರು.